ಎರಡು ಓಲೆಗಳ ವಿಷ

"ಮತ್ತೆ ನಡುವೆ ಬಾಯಿ ಹಾಕಿದೆಯಲ್ಲ, ಕೆಂಚವ್ವ. ಒಂದು ಪಾಠವನ್ನಾದರೂ ಮುಗಿಸಲು ಬಿಡುತ್ತೀಯಾ?" ಎಂದರು ಗುರುಮ್ಮ.

ಅವರು ಮುದಿ ದಾದಿ. ಎಚ್‌ಐವಿ ಇದ್ದವರನ್ನು ಕೂರಿಸಿಕೊಂಡು ಬದುಕುವ ಕ್ರಮ ಕಲಿಸುತ್ತಿದ್ದರು.

"ತಡೆಯಲಾಗಲಿಲ್ಲ, ಗುರುಮ್ಮ," ಎಂದಳು ಕೆಂಚವ್ವ. "ಮೂರು ವರ್ಷದ ಮೇಲೆ ಗಂಡ ಬಂದರಿನ ಕೆಲಸದಿಂದ ಬಂದಿದ್ದಾನೆ. ಗುಳಿಗೆ ಅಂದರೆ ಅವನಿಗೆ ಆಗದು. ನನಗೂ ಈಚೆಗೆ ವಾರಕ್ಕೆರಡು ದಿನ ತಪ್ಪುತ್ತಿದೆ. ರೋಗ ಇಬ್ಬರಿಗೂ ಇದ್ದದ್ದೇ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ನಮ್ಮಿಬ್ಬರ ನಡುವೆ ಇನ್ನು ಕಾಂಡೋಮ್ ಯಾಕೆ?"

ಗುರುಮ್ಮ ಪುಸ್ತಕ ಮುಚ್ಚಿದರು.

"ಒಬ್ಬ ಲಿಪಿಕಾರನಿದ್ದ. ಬೇಟೆಗಾರರಿಗೆ ಬಾಣದ ವಿಷದ ಪಾಕವನ್ನು ಹಳೆಯ ತಾಳೆಯೋಲೆ ನೋಡಿ ಹೊಸ ಓಲೆಯಲ್ಲಿ ಬರೆದುಕೊಡುತ್ತಿದ್ದ. ಪಡುವಣದವರದು ಒಂದು ವಿಷ, ಮೂಡಣದವರದು ಇನ್ನೊಂದು. ಎರಡಕ್ಕೂ ಮದ್ದು ಬಲ್ಲ ಪಂಡಿತ ಆ ಊರಲ್ಲಿದ್ದ. ಬಾಣ ತಪ್ಪಿ ತಾಗಿದವರು ಅವನಿಂದ ಬದುಕುತ್ತಿದ್ದರು.

ಲಿಪಿಕಾರರಲ್ಲಿ ಒಂದು ಕಟ್ಟಳೆ. ಒಂದು ಓಲೆ ಬಿಚ್ಚಿದ್ದಾಗ ಇನ್ನೊಂದನ್ನು ಬಿಚ್ಚಬಾರದು. ಒಂದು ದಿನ ಇವನು ಎರಡನ್ನೂ ಪಕ್ಕಪಕ್ಕ ಬಿಚ್ಚಿಟ್ಟ. ಹೆಂಡತಿ ಗದರಿದಳು.

'ಎರಡೂ ವಿಷವೇ. ಇದರಲ್ಲಿ ಕೆಡಲು ಏನಿದೆ?' ಎಂದ.

'ಕೆಡುವುದು ನಿನ್ನ ಕಣ್ಣು,' ಎಂದಳು ಅವಳು.

ಬರೆಯುತ್ತ ಬರೆಯುತ್ತ, ಓಲೆ ಕೊರೆಯುವ ಕಂಟದ ಮೊನೆ ಮಸೆಯಲು ತಲೆ ಎತ್ತಿದ. ಮತ್ತೆ ಬಗ್ಗಿದಾಗ ಕಣ್ಣು ಪಕ್ಕದ ಓಲೆಗೆ ಜಾರಿತು. ಹೊಸ ಓಲೆಯ ಮೇಲಿನ ಅರ್ಧ ಪಡುವಣದ್ದು, ಕೆಳಗಿನ ಅರ್ಧ ಮೂಡಣದ್ದು. ಸಾಲು ಸರಿಯಾಗಿಯೇ ಕೂಡಿತು. ಓದಿ ನೋಡಿದ, ಅನುಮಾನ ಬರಲಿಲ್ಲ.

ಅದನ್ನು ನೋಡಿ ಇನ್ನೊಬ್ಬ ಬರೆದ, ಅವನದನ್ನು ನೋಡಿ ಮತ್ತೊಬ್ಬ. ಓಲೆ ಘಟ್ಟ ದಾಟಿತು, ಕಡಲು ದಾಟಿತು. ಹೋದಲ್ಲಿ ಅಲ್ಲಿಯದರ ಜೊತೆ ಬೆರೆಯಿತು. ನಾಡಿಗೊಂದು ವಿಷವಾಯಿತು.

ಒಮ್ಮೆ ಬೇಟೆಗಾರನ ಬಾಣ ಲಿಪಿಕಾರನ ಮಗಳ ಕಾಲನ್ನು ಗೀರಿತು. ಸಣ್ಣ ಗೀರು. ಪಂಡಿತ ಅವಸರವಿಲ್ಲದೆ ಬಂದ. ಪಡುವಣದ ಮದ್ದು ಕೊಟ್ಟ, ಹಿಡಿಯಲಿಲ್ಲ. ಮೂಡಣದ್ದು ಕೊಟ್ಟ, ಅದೂ ಹಿಡಿಯಲಿಲ್ಲ. ಪಾದ ತಣ್ಣಗಾಯಿತು, ಆಮೇಲೆ ಮೊಣಕಾಲು. ಮಗು ಅಪ್ಪನ ಮುಖವನ್ನೇ ನೋಡುತ್ತಿತ್ತು. ಪಂಡಿತ ತನ್ನ ಮದ್ದಿನ ಗಂಟು ಕಟ್ಟತೊಡಗಿದ."

ಗುರುಮ್ಮ ಅಲ್ಲಿಗೆ ನಿಲ್ಲಿಸಿದರು. ತನ್ನ ಮೈ ಎಂಬುದು ರೋಗವು ಲಿಪಿಕಾರನಂತೆ ಕೂತು ತನ್ನದೇ ನಕಲು ಬರೆಯುತ್ತಲೇ ಇರುವ ಕೋಣೆ ಎಂದು ಕೆಂಚವ್ವನಿಗೆ ಈವರೆಗೆ ಅನ್ನಿಸಿರಲಿಲ್ಲ.

"ಅಂದರೆ ಬಂದರಿನಿಂದ ಅವನು ತಂದ ರೋಗವೂ ನನ್ನದೂ ಬೇರೆ ಬೇರೆ ಓಲೆ ಇರಬಹುದು," ಎಂದಳು ಮೆಲ್ಲಗೆ. "ಎರಡೂ ನನ್ನೊಳಗೇ ಬಿಚ್ಚಿಕೊಂಡರೆ, ಯಾವುದೂ ಅಲ್ಲದ ಮೂರನೆಯದು ಹುಟ್ಟಬಹುದು."

"ಹುಟ್ಟಬಹುದು," ಎಂದರು ಗುರುಮ್ಮ. "ಹುಟ್ಟಿದ ಮೇಲೆ ನೀನು ಬಂದು ಕೈ ಚಾಚಿದರೆ, ಕೆಂಚವ್ವ, ಆ ಕೈಗೆ ನಾನು ಯಾವ ಗುಳಿಗೆ ಹಾಕಲಿ?"