ಗೋಧಿ ಎಲೆಗೆ ಬಂದ ನೆಂಟ

ಗೋಧಿ ಎಲೆಯಲ್ಲಿ ಒಂದು ಪುಟ್ಟ ಜೀವಕೋಶ ತನ್ನ ಅಕ್ಕಂದಿರ ಜೊತೆ ವಾಸವಾಗಿತ್ತು. ಇಬ್ಬನಿ ಬಿದ್ದ ಒಂದು ಬೆಳಗ್ಗೆ ತುಕ್ಕು ರೋಗದ ಶಿಲೀಂಧ್ರ ಗಾಳಿಯಲ್ಲಿ ತೇಲಿ ಬಂದು, ಎಲೆ ಉಸಿರಾಡುವ ಕಂಡಿಯಿಂದ ಒಳಗೆ ನುಗ್ಗಿತು.

"ತಂಗಿ, ನಾನು ನಿಮ್ಮ ನೆಂಟ. ತುಸು ಜಾಗ ಕೊಡು," ಎಂದಿತು.

ಮಾತು ಮುಗಿಯುವ ಮೊದಲೇ ಅದರ ಎಳೆಯೊಂದು ಜೀವಕೋಶದ ಗೋಡೆಯನ್ನು ಕೊರೆಯತೊಡಗಿತ್ತು.

"ನೆಂಟರು ಗೋಡೆ ಕೊರೆಯುವುದಿಲ್ಲ. ನೀನು ತುಕ್ಕು," ಎಂದಿತು ಜೀವಕೋಶ.

ಶಿಲೀಂಧ್ರ ನಕ್ಕಿತು. "ಗುರುತಿಸಿ ಏನು ಮಾಡುತ್ತೀಯ? ಓಡಲು ನಿನಗೆ ಕಾಲಿಲ್ಲ. ಹೆದರಬೇಡ, ಕೊಲ್ಲುವುದಿಲ್ಲ. ನೀನು ಬದುಕಿದ್ದರೆ ತಾನೇ ನನಗೆ ದಿನವೂ ಊಟ?"

ಜೀವಕೋಶಕ್ಕೆ ಉಪಾಯ ಹೊಳೆಯಿತು. ದಾರಿಯನ್ನು ಶತ್ರುವೇ ತೋರಿಸಿದ್ದ. "ಅಕ್ಕಂದಿರೇ, ಕಳ್ಳ ಒಳಗೆ ಬಂದಿದ್ದಾನೆ. ಬೇಗ ಗೋಡೆ ಗಟ್ಟಿ ಮಾಡಿಕೊಳ್ಳಿ. ಇವನ ಊಟ ನಾನು ನಿಲ್ಲಿಸುತ್ತೇನೆ," ಎಂದು ಕೂಗಿ, ತನ್ನೊಳಗೆ ತಾನೇ ವಿಷ ತುಂಬಿಕೊಂಡು ಪ್ರಾಣ ಬಿಟ್ಟಿತು.

ಶಿಲೀಂಧ್ರ ಸತ್ತ ಕೋಶವನ್ನು ಹೀರಿತು, ಏನೂ ಸಿಗಲಿಲ್ಲ. ಪಕ್ಕದ ಗೋಡೆಯನ್ನು ಕೊರೆಯಿತು, ಅದು ಕಲ್ಲಾಗಿತ್ತು. ಹಸಿದು ಹಸಿದು ಅಲ್ಲೇ ಒಣಗಿಹೋಯಿತು.

ಹೊಲದೊಡತಿ ನೀಲಗಂಗವ್ವ ಬಂದಾಗ ಸುತ್ತಲಿನ ಗಿಡಗಳೆಲ್ಲ ತುಕ್ಕು ಹಿಡಿದಿದ್ದವು. ಈ ಗಿಡದ ಎಲೆಯಲ್ಲಿ ಮಾತ್ರ ಸಾಸಿವೆಯಷ್ಟು ಕಂದು ಚುಕ್ಕೆ.

"ಇದಕ್ಕೂ ರೋಗ ಬಂದೈತಲ್ಲವ್ವಾ?" ಎಂದಳು ಮಗಳು.

"ಬಂದಿತ್ತು. ಇಷ್ಟರಾಗ ನಿಂತೈತಿ," ಎಂದಳು ನೀಲಗಂಗವ್ವ. "ಮುಂದಿನ ವರ್ಷ ಬಿತ್ತಾಕ ಇದರ ಕಾಳೇ ಇರಲಿ."