ಹಳೆಯ ವೈಸಿನ ಸಂದು

“ಗುರುಗಳೇ, ತಿದ್ದುವುದು ತಪ್ಪೇ?” ಎಂದು ಅಡವೆಪ್ಪ ಕೇಳಿದನು.

“ಯಾರನ್ನು ತಿದ್ದಿದೆ?”

“ನನ್ನ ಹೆಂಡತಿಯನ್ನು. ಬಂದ ಹೊಸತರಲ್ಲಿ ಅವಳ ನಗು ಓಣಿಯ ತುದಿಗೆ ಕೇಳಿಸುತ್ತಿತ್ತು. ಮೆಲ್ಲಗೆ ನಗು ಎಂದೆ. ಕೆಲಸ ಮಾಡುತ್ತ ಹಾಡುವಳು, ಹಾಡಿನ ಸಾಲು ತಪ್ಪುವಳು. ಸರಿಯಾಗಿ ಹಾಡು, ಇಲ್ಲವೇ ಬಿಡು ಎಂದೆ. ಕೇಳದಿದ್ದರೂ ಊರ ಸುದ್ದಿಯನ್ನೆಲ್ಲ ಹೇಳುವಳು. ಅದನ್ನೂ ಬಿಡಿಸಿದೆ. ಈಗ ಹುಡುಕಿದರೂ ಅವಳಲ್ಲಿ ಒಂದು ಕುಂದೂ ಸಿಗುವುದಿಲ್ಲ. ಆದರೆ ನಾನು ಒಳಗೆ ಕಾಲಿಟ್ಟರೆ ಅವಳು ಹಿತ್ತಲಿಗೆ ಹೋಗುತ್ತಾಳೆ. ಸಿಟ್ಟೇ ಎಂದರೆ ಇಲ್ಲ ಎನ್ನುತ್ತಾಳೆ. ಅವಳು ಮೊದಲಿನಂತಾಗುವ ದಾರಿ ಹೇಳಿ.”

ಗುರುಗಳು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದನು. ಅವನಿಗೆ ಕೆಲಸ ಕಲಿಸಿದ ದೊಡ್ಡಪ್ಪ ತೀರಿಕೊಂಡಾಗ ಕುಲುಮೆ ಅವನ ಪಾಲಿಗೆ ಬಂದಿತು. ಕುಲುಮೆಯ ನಡುವೆ ನೆಲಕ್ಕೆ ಕಾಲೂರಿ ನಿಂತ ಹಳೆಯ ವೈಸು ಇತ್ತು. ಕಬ್ಬಿಣವನ್ನು ಕಚ್ಚಿ ಹಿಡಿಯಲು ಎರಡು ದವಡೆ. ಒಂದು ಕದಲದು, ಇನ್ನೊಂದು ಬುಡದ ಕೀಲಿನ ಮೇಲೆ ವಾಲುವುದು. ಎರಡನ್ನೂ ಬಿಗಿಯಲು ಒಂದು ತಿರುಪು. ದೊಡ್ಡಪ್ಪ ಹಾಸಿಗೆ ಹಿಡಿದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅದಕ್ಕೆ ತುಕ್ಕು ಹಿಡಿದಿತ್ತು. ಸಾಯುವ ಮುನ್ನ ಮುದುಕ, “ಇದನ್ನು ಕೆಡಿಸಬೇಡ” ಎಂದಷ್ಟೇ ಹೇಳಿದ್ದನು.

ಕಮ್ಮಾರ ಶ್ರದ್ಧೆಯುಳ್ಳವನು. ವೈಸನ್ನು ಪೂರ್ತಿ ಬಿಚ್ಚಿದನು. ತುಕ್ಕನ್ನು ಕೆರೆದನು, ತಿರುಪಿಗೆ ಎಣ್ಣೆ ಉಣಿಸಿದನು. ಸವೆದ ಕೀಲಿನ ಬದಲು ಹೊಸ ಕೀಲು ಬಡಿದನು. ದವಡೆಯನ್ನು ಹಿಂದಕ್ಕೆ ತಳ್ಳುವ ಸೋತ ಪಟ್ಟಿಯನ್ನು ತೆಗೆದು ಪುಟಿಯುವ ಪಟ್ಟಿ ಹಾಕಿದನು. ಮತ್ತೆ ಜೋಡಿಸಿ ನಿಲ್ಲಿಸಿದಾಗ ಅದು ಬೆರಳ ತುದಿಯ ಮಾತು ಕೇಳಿತು. ಕೆಲಸ ಅಲ್ಲಿಗೆ ಮುಗಿದಿತ್ತು.

ಆದರೆ ಬಾಯಿ ಮುಚ್ಚಿದಾಗ ದವಡೆಗಳ ಮೇಲಂಚು ಮಾತ್ರ ಒಂದನ್ನೊಂದು ಮುಟ್ಟುತ್ತಿತ್ತು. ಅದರ ಕೆಳಗೆ ಸಣ್ಣ ಸಂದು. ಸಂದಿನಿಂದ ಬಾಗಿಲ ಬೆಳಕು ಕಾಣುತ್ತಿತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ. ಕಬ್ಬಿಣ ಉಜ್ಜುವ ಅರವನ್ನು ತೆಗೆದುಕೊಂಡನು.

ಗಾಡಿಯ ಸರಳನ್ನು ಬಾಗಿಸಲು ತಂದಿದ್ದ ಬಡಗಿಯೊಬ್ಬ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದನು. “ನಿನ್ನ ದೊಡ್ಡಪ್ಪನ ಕಾಲದಿಂದಲೂ ಅದು ಹಾಗೇ ಇದೆಯಲ್ಲ ತಮ್ಮಾ. ಬಿಡಬಾರದೇ?” ಎಂದನು.

“ಮುದುಕನಿಗೆ ಕಣ್ಣು ಮಂಜು, ಮಾವ. ಅವನ ವೈಸಿಗೆ ಬಾಯಿ ಸೊಟ್ಟ.”

“ಸೊಟ್ಟ ಬಾಯಿಯೇ ನಿನಗೆ ಅನ್ನ ಹಾಕಿತು” ಎಂದು ಬಡಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡನು.

ಕಮ್ಮಾರ ನಕ್ಕು, ಉಜ್ಜಿದನು. ಮೇಲಂಚು ಇಳಿಯಿತು. ಮುಚ್ಚಿ ನೋಡಿದನು, ಮತ್ತೆ ಉಜ್ಜಿದನು. ಕೊನೆಗೆ ಬಾಯಿ ಮುಚ್ಚಿದಾಗ ಬೆಳಕು ಬರುವುದು ನಿಂತಿತು. ಅವನು ಅರದ ಪುಡಿಯನ್ನು ಗುಡಿಸಿ ಬೀದಿಗೆ ಚೆಲ್ಲಿದನು. ಇಂಥ ನೆಮ್ಮದಿ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಬಳಿಕ ಬಡಗಿಯ ಸರಳನ್ನು ಕಾಯಿಸಿ ವೈಸಿಗೆ ಕೊಟ್ಟನು. ಸರಳಿಗೆ ಎಡೆಮಾಡಲು ಬಾಯಿ ತೆರೆದೊಡನೆ ದವಡೆ ಹಿಂದಕ್ಕೆ ವಾಲಿತು. ಮೇಲಂಚು ದೂರ ಸರಿಯಿತು, ಕೆಳಗಿನ ಅಂಚು ಮಾತ್ರ ಸರಳನ್ನು ಮುಟ್ಟಿತು. ಮೊದಲ ಪೆಟ್ಟಿಗೇ ಸರಳು ಹಾರಿ ನೆಲಕ್ಕೆ ಬಿತ್ತು. ಇನ್ನಷ್ಟು ಬಿಗಿದನು, ಮತ್ತೆ ಹಾರಿತು. ಮೈಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿ ಬಿಗಿದನು. ಒಳಗೆ ತಿರುಪಿನ ಒಂದು ಸುತ್ತು ಕಿತ್ತುಬಂದ ಸದ್ದು ಕೇಳಿಸಿತು.

ಆಗ ಅವನಿಗೆ ತಿಳಿಯಿತು. ಬಾಯಿ ಬರಿದಾಗಿದ್ದಾಗ ಮಾತ್ರ ಅದು ಸೊಟ್ಟ. ನಡುವೆ ಸರಳು ಬಂದಾಗ ಅದೇ ನೇರವಾಗುತ್ತಿತ್ತು. ದೊಡ್ಡಪ್ಪ ದವಡೆಗಳನ್ನು ಹೊಂದಿಸಿದ್ದು ಸರಳಿಗೆ. ತಾನು ಹೊಂದಿಸಿದ್ದು ಕಣ್ಣಿಗೆ.

ಸಂದು ಮರಳಲೆಂದು ಅಂಚಿಗೆ ತಗಡಿನ ಚೂರು ಕೊಟ್ಟನು. ಪೆಟ್ಟಿಗೆ ತಗಡು ಜಾರಿತು. ದವಡೆಯನ್ನೇ ಬೆಂಕಿಗೆ ಒಡ್ಡಿ ಬಾಗಿಸಲು ಹೋದನು. ಹಳೆಯ ಕಬ್ಬಿಣ ಪದರ ಪದರವಾಗಿ ಬಿರಿಯತೊಡಗಿತು; ಕೈ ಹಿಂದೆಗೆದನು. ಹೊರಗೆ ಹೋಗಿ ಬೀದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತನು. ಚೆಲ್ಲಿದ ಪುಡಿ ಮಣ್ಣಿನಲ್ಲಿ ಬೆರೆತಿತ್ತು. ಅದನ್ನು ಬೆರಳಿನಿಂದ ಬಳಿದು ಬಳಿದು ಅಂಗೈಗೆ ಹಾಕಿಕೊಂಡನು. ಅದರಿಂದ ಏನೂ ಆಗದೆಂದು ಅವನಿಗೆ ಗೊತ್ತಿತ್ತು.

ಬಡಗಿ ಬೈಯಲಿಲ್ಲ. ಸರಳು ಆರಿದ ಮೇಲೆ ಹೆಗಲಿಗೇರಿಸಿಕೊಂಡು, “ಪಕ್ಕದೂರಿನ ಕುಲುಮೆಗೆ ಹೋಗಿ ಬರುತ್ತೇನೆ, ತಮ್ಮಾ” ಎಂದನು. ಅವನ ಹಿಂದೆ, ಕೆಲಸ ತರುತ್ತಿದ್ದ ಉಳಿದವರೂ ಅತ್ತಲೇ ನಡೆದರು. ಕಮ್ಮಾರ ಈಗಲೂ ದಿನವೂ ಎದ್ದು ವೈಸಿಗೆ ಎಣ್ಣೆ ಹಾಕುತ್ತಾನೆ, ಒರೆಸುತ್ತಾನೆ, ಅದರ ಎದುರು ಕುಳಿತುಕೊಳ್ಳುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಅಡವೆಪ್ಪ ಕಾದನು. ಕಾದು, ತಡೆಯಲಾರದೆ ಕೇಳಿದನು:

“ಕತೆ ಅಲ್ಲಿಗೇ ನಿಲ್ಲುವುದೇ? ಅವನಿಗೆ ಏನಾದರೊಂದು ಉಪಾಯ ಹೊಳೆದಿರಬೇಕಲ್ಲ, ಗುರುಗಳೇ?”

“ಇಂದಿಗೂ ಆ ದವಡೆಗಳ ನಡುವೆ ಎಳೆಯಷ್ಟೂ ಬೆಳಕು ನುಸುಳುವುದಿಲ್ಲ, ಅಡವೆಪ್ಪ” ಎಂದರು ಗುರುಗಳು.