ಕಿವಿಗೆ ಹಿಡಿಯದ ಗಡಿಯಾರ

ಹೊಳೆಯ ದಂಡೆಯ ಮಠದಲ್ಲಿ ಸ್ವಾಮಿಗಳಾದ ಅಜ್ಜನವರು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದರು.

ಹಿಟ್ಟಿನ ಗಿರಣಿಯ ಗದಿಗೆಪ್ಪ ಬಂದು ಪಾದ ಮುಟ್ಟಿದ. ಚಿಕ್ಕಂದಿನಲ್ಲಿ ಅವರಿಂದಲೇ ದೀಕ್ಷೆ ಪಡೆದವನು. ಎಷ್ಟು ತೊಳೆದರೂ ಅವನ ಹುಬ್ಬಿನಲ್ಲಿ ಒಂದಿಷ್ಟು ಹಿಟ್ಟು ಉಳಿದೇ ಇರುತ್ತಿತ್ತು.

"ಇವತ್ತು ಸೋಮವಾರ. ಸಂತಿ ಬಿಟ್ಟು ಇಲ್ಲಿಗೆ ಬಂದಿ?"

"ಸಂತಿಗೇ ಹೊಂಟೀನ್ರಿ ಅಜ್ಜಾರ. ಅದಕ್ಕೂ ಮೊದಲ ಒಂದು ಮಾತು ಕೇಳೂದಿತ್ತು."

ಅಜ್ಜನವರು ಅರ್ಧ ಅಕ್ಕಿಯನ್ನು ಅವನ ಕಡೆಗೆ ಸರಿಸಿದರು.

"ಆರಿಸು. ಕೈ ಕೆಲಸ ಹಿಡೀತಂದ್ರ ಬಾಯಿ ತಾನ ಬಿಚ್ಚತೈತಿ."

ಗದಿಗೆಪ್ಪ ಆರಿಸತೊಡಗಿದ. ಸ್ವಲ್ಪ ಹೊತ್ತಿಗೆ ಬಾಯಿ ಬಿಚ್ಚಿತು.

"ನನ್ನ ಮದುವಿ ಗಡಿಯಾರ ಕಳದದ್ದು ನಿಮಗ ಗೊತ್ತೈತಲ್ರಿ."

ಅಜ್ಜನವರಿಗೆ ಗೊತ್ತಿತ್ತು. ಹೋದ ವರ್ಷ ಸಂಕ್ರಾಂತಿಯ ದಿನ ಗದಿಗೆಪ್ಪ ಈ ಹೊಳೆಯಲ್ಲೇ ಮುಳುಗು ಹಾಕುವಾಗ ಗಡಿಯಾರ ಬಿಚ್ಚಿ ಕಲ್ಲಿನ ಮೇಲಿಟ್ಟಿದ್ದ. ತಲೆ ಎತ್ತಿ ನೋಡಿದಾಗ ಕಲ್ಲಿತ್ತು, ಗಡಿಯಾರ ಇರಲಿಲ್ಲ.

ಅದು ಮದುವೆಯಲ್ಲಿ ಬಂದಾಗಲೂ ಹೊಸದಾಗಿರಲಿಲ್ಲ. ಮದುಮಗನಿಗೆ ಗಡಿಯಾರ ಕೊಡುವುದು ಹೆಣ್ಣಿನ ಕಡೆಯವರ ಪದ್ಧತಿ. ಹೆಂಡತಿ ನೀಲವ್ವನ ತಂದೆಗೆ ಹೊಸದು ತರಲು ಆಗಿರಲಿಲ್ಲ. ಹಂದರದಲ್ಲಿ ಎಲ್ಲರೂ ನೋಡುತ್ತಿರುವಾಗ ತನ್ನ ಕೈಯಲ್ಲಿದ್ದುದನ್ನೇ ಬಿಚ್ಚಿ, ಧೋತರದ ಸೆರಗಿನಿಂದ ಒರೆಸಿ, ಅಳಿಯನ ಕೈಗೆ ಕಟ್ಟಿದ್ದ. ಅಂದು ಗದಿಗೆಪ್ಪನ ಮುಖ ಸಣ್ಣದಾಗಿತ್ತು. ಆಮೇಲೆ ವರ್ಷ ಕಳೆದಂತೆ ಆ ಗಡಿಯಾರ ಕೈಗೆ ಹೊಂದಿಕೊಂಡಿತು, ಮಾವ ಮನಸ್ಸಿಗೆ ಹೊಂದಿಕೊಂಡ. ಈಗ ಮಾವನಿಲ್ಲ. ಅವನದೆಂದು ಮನೆಯಲ್ಲಿದ್ದದ್ದು ಅದೊಂದೇ.

ಗಡಿಯಾರ ಕಳೆದುಹೋದ ದಿನ ನೀಲವ್ವ ಬೈಯಲಿಲ್ಲ. "ಎಲ್ಲೂ ಹೋಗಂಗಿಲ್ಲ ತಗೋರಿ. ಹಳೇ ಗಡಿಯಾರ ಒಂದಿಲ್ಲಾ ಒಂದಿನ ಸಂತಿಗೇ ಬರ್ತಾವು" ಎಂದಿದ್ದಳು. ಅಂದಿನಿಂದ ಪ್ರತಿ ಸೋಮವಾರ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. "ನಾನೂ ಬರ್ಲೇನ್ರಿ?" ಎಂದು ಒಮ್ಮೊಮ್ಮೆ ಕೇಳುತ್ತಿದ್ದಳು. "ಬಿಸಲಾಗ ನೀ ಯಾಕ" ಎಂದು ಗದಿಗೆಪ್ಪ ಒಬ್ಬನೇ ಹೊರಡುತ್ತಿದ್ದ.

"ಹುಡುಕಾಕತ್ತೀನ್ರಿ ಅಜ್ಜಾರ. ಹುಡುಕ್ತಾ ಹುಡುಕ್ತಾ..."

"ಹುಡುಕ್ತಾ ಹುಡುಕ್ತಾ ಏನಾತು?"

"ರುಚಿ ಹತ್ತೇತ್ರಿ."

ಅಜ್ಜನವರ ಕೈ ಅಕ್ಕಿಯಲ್ಲೇ ನಿಂತಿತು.

"ಗಡಿಯಾರದ್ದು?"

"ಹೌದ್ರಿ. ಮೊದಲ ಇದು ನಂದಲ್ಲ ಅಂತ ನೋಡಿ ಕೆಳಗ ಇಡತಿದ್ದೆ. ಈಗ ಇದು ಯಾರದಿದ್ದೀತು ಅಂತ ಹಿಡಕೊಂಡು ಕೂಡತೀನಿ. ಗಾಜಿನ ಮ್ಯಾಲಿನ ಗೀರು ನೋಡತೀನಿ. ನಿಂತದ್ದಕ್ಕ ಚಾವಿ ಕೊಟ್ಟು ಕಿವಿಗೆ ಹಿಡೀತೀನಿ. ಒಂದೊಂದು ತಟ್ಟನ ಎದ್ದು ನಡೀತೈತ್ರಿ, ನಾ ಬರೂದನ್ನ ಕಾಯಾಕತ್ತಿತ್ತು ಅನ್ನೂವಂಗ. ದಿನಾ ಗಿರಣಿ ಸಪ್ಪಳದಾಗ ಇರಾಂವ ನಾನು. ಅಷ್ಟು ಸಣ್ಣ ಸಪ್ಪಳ ಕಿವಿಗೆ ಬಿತ್ತಂದ್ರ ಎದಿ ತಣ್ಣಗಾಗತೈತಿ. ಬಿಟ್ಟು ಬರಾಕ ಆಗದ ಕೆಲವನ್ನ ತಂದೀನಿ. ಮನ್ಯಾಗ ಒಂದು ಡಬ್ಬಿ ತುಂಬೇತಿ."

"ನೀಲವ್ವ ಏನಂತಾಳ?"

"'ಕಳದದ್ದೊಂದ ಬಿಟ್ಟು ಎಲ್ಲಾ ಸಿಗಾಕತ್ತಾವಲ್ರಿ ನಿಮಗ' ಅಂತ ನಗತಾಳ್ರಿ."

"ಮತ್ತ ನಿನ್ನ ತ್ರಾಸು ಏನು?"

ಗದಿಗೆಪ್ಪ ಒಂದು ಕಲ್ಲನ್ನು ಹೆಕ್ಕಿ ಬಹಳ ಹೊತ್ತು ಬೆರಳಲ್ಲಿ ಹೊರಳಿಸಿದ.

"ಸಂತಿಗೆ ಹೋಗೂ ಮುಂದ ಬಸವಣ್ಣನ ಗುಡಿ ಮುಂದ ಕೈ ಮುಗೀತೀನ್ರಿ. ಬಾಯಿ 'ಸಿಗ್ಲಿ' ಅಂತೈತಿ. ಒಳಗೊಬ್ಬಾಂವ 'ಇವತ್ತು ಬ್ಯಾಡ' ಅಂತಾನು. ಸಿಕ್ಕರ ಮುಂದಿನ ಸೋಮವಾರ ಏನಂತ ಹೇಳಿ ಹೊಂಡ್ಲಿ? ಆಕಿ ನಂಬಿ ಬುತ್ತಿ ಕಟ್ಟತಾಳು. ನಾ ಸಿಗಬಾರದು ಅನಕೋತ ತಿಂತೀನಿ. ಇದು ಮೋಹ ಏನ್ರಿ? ಬಿಟ್ಟುಬಿಡ್ಲೇನ್ರಿ?"

ಅಜ್ಜನವರು ಮೊರ ಒಳಗಿಟ್ಟು ಬಂದರು. ಹೆಗಲಿಗೆ ವಸ್ತ್ರ ಹಾಕಿಕೊಂಡರು.

"ನಡಿ."

"ಎಲ್ಲಿಗ್ರಿ?"

"ಸಂತಿಗೆ. ರುಚಿ ಅಂತಿ. ನಾ ತಿಂದು ನೋಡದ ಹೆಂಗ ಹೇಳ್ಲಿ?"

ಸಂತೆಯ ತುದಿಯಲ್ಲಿ, ಹಗ್ಗ ಮಾರುವವರ ಆಚೆ, ಹುಸೇನಸಾಬ ಕೊಡೆ ನೆಟ್ಟು ತಾಡಪತ್ರಿ ಹಾಸಿದ್ದ. ಅದರ ಮೇಲೆ ಗಡಿಯಾರಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು.

"ಬಾರಪಾ ಗಡಿಯಾರಪ್ಪ" ಎಂದ. ಈಚೆಗೆ ಸಂತೆಯಲ್ಲಿ ಗದಿಗೆಪ್ಪನಿಗೆ ಅದೇ ಹೆಸರು. ಹಿಂದೆ ಬಂದವರನ್ನು ನೋಡಿ ಹುಸೇನಸಾಬ ಎದ್ದು ನಿಂತ. "ಅಜ್ಜಾರ, ನಿಮಗ್ಯಾಕ್ರಿ ಗಡಿಯಾರ? ನಿಮ್ಮ ಮಠದ ಗಂಟಿ ಕೇಳಿ ಊರ ಏಳತೈತಿ."

"ಗಂಟಿ ಹೊಡಿಯಾಂವ ನಾನು. ನನ್ನ ಎಬ್ಬಸಾಂವ ಯಾರು?"

ಅಜ್ಜನವರು ತಾಡಪತ್ರಿಯ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು ಹೊಳೆಯುವ ಒಂದನ್ನು ಎತ್ತಿ ಮುಖದ ಹತ್ತಿರ ತಂದರು.

"ಹಂಗಲ್ರಿ" ಎಂದು ಗದಿಗೆಪ್ಪ ತಟ್ಟನೆ ಕೈ ಅಡ್ಡ ತಂದ. ತಂದ ಮೇಲೆ ನಾಚಿದ.

"ಹೇಳು. ಇಲ್ಲಿ ಗುರು ನೀನು."

"ಮೊದಲ ಮುಖ ನೋಡಬಾರದ್ರಿ. ಅಂಗೈಯಾಗ ಇಟಗೊಂಡು ಭಾರ ನೋಡ್ರಿ. ಆಮ್ಯಾಲ ಚಾವಿ ಕೊಡ್ರಿ, ಮೆಲ್ಲಕ. ಸಾಕು ಅಂತ ಅದ ಹೇಳತೈತಿ. ಆಮ್ಯಾಲ ಕಿವಿಗೆ ಹಿಡೀರಿ. ಕಿವಿ ಒಪ್ಪಿದ್ರ ಕಟ್ಟಿ ನೋಡ್ರಿ. ಮುಖ ಕಡೀಕ. ಮೊದಲ ಮುಖ ನೋಡಿದ್ರ ಕಿವಿ ಸುಳ್ಳು ಹೇಳಾಕ ಹತ್ತತೈತ್ರಿ."

ಅಜ್ಜನವರು ಹೇಳಿದಂತೆಯೇ ಮಾಡಿದರು. ಒಂದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು.

"ಇದು ಅವಸರದಾಗ ಐತಿ. ಬಸ್ಸು ತಪ್ಪಸ್ಕೊಂಡಾಂವನ ಗತೆ."

ಇನ್ನೊಂದನ್ನು ಹಿಡಿದರು.

"ಇದು ಊಟಾ ಮಾಡಿ ಅಡ್ಡಾಡಾಕ ಹೊಂಟೈತಿ."

ಮೂವರೂ ನಕ್ಕರು. ಗದಿಗೆಪ್ಪನೂ ಒಂದೊಂದೇ ಎತ್ತಿ ಕಿವಿಗೆ ಹಿಡಿಯುತ್ತ, ಬೆಲ್ಟಿನ ಸವಕಲು ತೋರಿಸುತ್ತ, ಇದು ಎಡಗೈ ರೂಢಿಯವನದು, ಇದು ಮೊಣಕೈ ಊರಿ ಬರೆಯುವವನದು ಎನ್ನುತ್ತ ಹೊತ್ತು ಮರೆತ.

ಹುಸೇನಸಾಬ ಚೀಲದಿಂದ ಒಂದು ಗಂಟು ತೆಗೆದ.

"ಆಚಿ ದಂಡಿ ಊರಿಂದ ಹೊಸಾವು ಬಂದಾವು ನೋಡ್ರಿ. ಹೊಸಾವು ಅಂದ್ರ ಹಳೇವು."

ಗದಿಗೆಪ್ಪ ಗಂಟಿಗೆ ಕೈ ಹಾಕಿ ಒಂದನ್ನು ತೆಗೆದ. ಅಂಗೈಯಲ್ಲಿ ಭಾರ ನೋಡಿದ.

ಬೆಲ್ಟಿನಲ್ಲಿ ಎರಡು ತೂತು ಸವೆದಿದ್ದವು. ಒಂದು ದಪ್ಪ ಕೈಯವನದು, ಇನ್ನೊಂದು ತೆಳು ಕೈಯವನದು. ಬೆಲ್ಟಿನ ತುದಿ ಸಿಕ್ಕಿಸುವ ಉಂಗುರ ಹರಿದು, ಅದನ್ನು ಯಾರೋ ಹಸಿರು ದಾರದಿಂದ ಹೊಲಿದಿದ್ದರು. ಕುಬುಸ ಹೊಲಿಯುವಾಗ ಉಳಿದ ದಾರ.

ಗದಿಗೆಪ್ಪ ಅದನ್ನು ಮುಖ ಕೆಳಗಾಗಿ ತಾಡಪತ್ರಿಯ ಮೇಲಿಟ್ಟ. ಬೇರೊಂದನ್ನು ಎತ್ತಿಕೊಂಡು, ಅದರ ಮುಳ್ಳುಗಳನ್ನು ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಹೊಗಳತೊಡಗಿದ.

ಅಜ್ಜನವರು ಕೈ ಚಾಚಿದರು.

"ಮುಖ ಕೆಳಗ ಹಾಕಿದ್ದು ಕೊಡು."

"ಅದು ಅಷ್ಟು ಚಲೋ ಇಲ್ರಿ ಅಜ್ಜಾರ. ಬೆಲ್ಟು ಹಳೇದಾಗೇತಿ."

"ನಾನೂ ಹಳಬ."

ಚಾವಿ ಕೊಟ್ಟರು. ಕಿವಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಕೈಗೆ ಕಟ್ಟಿಕೊಂಡರು. ಒಣಗಿದ ಕೈ. ಎರಡು ತೂತಿನಲ್ಲಿ ಯಾವುದೂ ಹೊಂದಲಿಲ್ಲ. ಕೈ ಎತ್ತಿದರೆ ಗಡಿಯಾರ ಮೊಣಕೈವರೆಗೆ ಜಾರಿತು.

"ಇದು ನನಗಿರಲಿ. ರೊಕ್ಕಾ ನೀ ಕೊಡು."

ಗದಿಗೆಪ್ಪ ಹುಸೇನಸಾಬ ಕೇಳಿದಷ್ಟನ್ನೂ ಕೊಟ್ಟ.

ಹುಸೇನಸಾಬ ನೋಟುಗಳನ್ನು ನೋಡಿದ, ಅವನ ಮುಖ ನೋಡಿದ.

"ಕೊಸರಾಡಲಿಲ್ಲಲ್ಲೋ. ಆರಾಮ ಅದೀಯಿಲ್ಲೋ?"

ಬರುವ ದಾರಿಯಲ್ಲಿ ಅಜ್ಜನವರು ಮುಂದೆ, ಗದಿಗೆಪ್ಪ ಹಿಂದೆ. ಅಜ್ಜನವರು ಆಗಾಗ ಕೈ ಎತ್ತುತ್ತಿದ್ದರು. ಗಡಿಯಾರ ಮೇಲೆ ಕೆಳಗೆ ಜಾರುತ್ತಿತ್ತು. ಹಿಂದಿನಿಂದ ಹಸಿರು ದಾರ ಕಾಣುತ್ತಿತ್ತು.

ಸುಮ್ಮನಿದ್ದರೆ ಆಯಿತು, ಎಂದುಕೊಂಡ ಗದಿಗೆಪ್ಪ. ಗಡಿಯಾರ ಗುರುವಿನ ಕೈಯಲ್ಲಿದೆ. ಕೆಟ್ಟ ಜಾಗವೇನಲ್ಲ. ಸೋಮವಾರಗಳು ತನ್ನವೇ ಆಗಿ ಉಳಿಯುತ್ತವೆ.

ಹಾಗೆಂದುಕೊಂಡ ಮೇಲೆ ಅವನು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಬಿದ್ದ.

ಹೊಳೆಯ ಮೆಟ್ಟಿಲ ಮೇಲೆ ಕುಳಿತರು.

"ಹಸಿವಿ ಆಗೇತಿ. ಬುತ್ತಿ ಬಿಚ್ಚು."

ಗದಿಗೆಪ್ಪ ಬಿಚ್ಚಿದ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ರೊಟ್ಟಿಗಳ ಅಡಿಯಲ್ಲಿ, ಬೇರೆ ಅರಿವೆಯಲ್ಲಿ ಸುತ್ತಿದ ಒಂದು ರೊಟ್ಟಿ.

"ಅದ್ಯಾಕ ಬ್ಯಾರೆ?"

ಗದಿಗೆಪ್ಪ ಆ ಅರಿವೆಯ ಮಡಿಕೆ ಸರಿಮಾಡಿದ.

"ಗಡಿಯಾರ ಯಾರರ ಹೊಳ್ಳಿ ಕೊಟ್ಟರ, ಅವರ್ನ ಬರಿಗೈಲೆ ಕಳಿಸಬಾರದು ಅಂತಾಳ್ರಿ. ಪ್ರತಿ ಸೋಮವಾರ ಅದೊಂದು ಬ್ಯಾರೆ ಕಟ್ಟತಾಳು."

"ಇಷ್ಟು ದಿನ ಅದನ್ನ ಯಾರು ತಿಂದ್ರು?"

"ನಾನ್ರಿ."

ಅಜ್ಜನವರು ತಮ್ಮ ಪಾಲಿನ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ನಿಧಾನವಾಗಿ ಉಂಡರು. ಹೊಳೆ ಹರಿಯುತ್ತಿತ್ತು. ಗದಿಗೆಪ್ಪನ ಕೈಯಲ್ಲಿನ ತುತ್ತು ಕೈಯಲ್ಲೇ ಇತ್ತು.

"ಹುಸೇನಸಾಬಗ ಗುರುತು ಹೇಳಿದ್ದಿ? ಇಂಥಾ ಗಡಿಯಾರ ಬಂದರ ತಗದಿಡು ಅಂತ?"

"ಮೊದಲ ಹೇಳಬೇಕಂತಿದ್ದೆ. ಕಳುವಿನ ಮಾತು ಅಂತ ಸಂಕೋಚಾತು. ಆಮ್ಯಾಲ..."

"ಆಮ್ಯಾಲ?"

"ಆಮ್ಯಾಲ ಹೇಳಲಿಲ್ರಿ."

ಅಜ್ಜನವರು ಎದ್ದು ಕೆಳಗಿನ ಮೆಟ್ಟಿಲಿಗೆ ಇಳಿದರು. ಹೊಳೆಯ ನೀರಿನಲ್ಲಿ ಕೈ ತೊಳೆಯಲು ಬಾಗುವ ಮೊದಲು ಗಡಿಯಾರವನ್ನು ಬಿಚ್ಚಿ ಕಲ್ಲಿನ ಮೇಲಿಟ್ಟರು. ಹೋದ ವರ್ಷ ಗದಿಗೆಪ್ಪ ಇಟ್ಟಿದ್ದ ಕಲ್ಲು ಅದೇ.

ಅವರು ಕೈ ತೊಳೆದರು, ಮುಖ ತೊಳೆದರು, ಬಾಯಿ ಮುಕ್ಕಳಿಸಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಗಡಿಯಾರವನ್ನು ಮತ್ತೆ ಕಟ್ಟಿಕೊಂಡು ಮೇಲಿನ ಮೆಟ್ಟಿಲಿಗೆ ಬಂದು ಕುಳಿತರು.

ಗದಿಗೆಪ್ಪ ತುತ್ತನ್ನು ಕೆಳಗಿಟ್ಟ. ಅರಿವೆ ಬಿಚ್ಚಿ ಆ ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎದ್ದು ಬಂದು ಅದನ್ನು ಅಜ್ಜನವರ ಅಂಗೈಯಲ್ಲಿಟ್ಟ.

ಅಜ್ಜನವರು ರೊಟ್ಟಿ ನೋಡಿದರು. ಅವನನ್ನು ನೋಡಿದರು.

"ಯಾವಾಗ ಗುರುತು ಹತ್ತಿತು?"

"ಕೈಗೆ ಬಂದ ಕೂಡ್ಲೆ. ಭಾರಕ್ಕ ಹತ್ತಿತ್ರಿ. ನಿಮಗ ಹೆಂಗ ಗೊತ್ತಾತ್ರಿ? ನೀವು ಅದನ್ನ ಹಿಂದ ಲಕ್ಷ್ಯ ಇಟ್ಟು ನೋಡಿದವರಲ್ಲ."

"ನಾ ಗಡಿಯಾರ ನೋಡಲಿಲ್ಲ. ನಿನ್ನ ನೋಡಿದೆ. ಅಲ್ಲಿದ್ದ ಎಲ್ಲಾದನ್ನೂ ಕಿವಿಗೆ ಹಿಡದಿ. ಅದೊಂದನ್ನ ಹಿಡೀಲಿಲ್ಲ."

ಗದಿಗೆಪ್ಪ ತಲೆ ಕೆಳಗೆ ಹಾಕಿದ.

ಅಜ್ಜನವರು ಗಡಿಯಾರ ಬಿಚ್ಚಿದರು. ಹತ್ತಿರ ಕರೆದು, ಅವನ ಕಿವಿಗೆ ತಾವೇ ಹಿಡಿದರು.

ಹಿಟ್ಟಿನ ಹುಬ್ಬಿನ ಕೆಳಗೆ ಗದಿಗೆಪ್ಪನ ಕಣ್ಣು ಮುಚ್ಚಿಕೊಂಡವು. ಅಷ್ಟು ಗಡಿಯಾರ ಕೇಳಿದ ಕಿವಿ. ಇದನ್ನು ಮಾತ್ರ, ಕೈಯಲ್ಲಿದ್ದಷ್ಟು ದಿನ, ಅವನು ಒಮ್ಮೆಯೂ ಕೇಳಿರಲಿಲ್ಲ.

"ಹೆಂಗೈತಿ?"

"ಮಾವ ನಡದಂಗ ಐತ್ರಿ. ಮೆಲ್ಲಕ. ಒಂದು ಕಾಲು ಸ್ವಲ್ಪ ಎಳದು."

ಅಜ್ಜನವರು ಅದನ್ನು ಅವನ ಕೈಗೆ ಕಟ್ಟಿದರು. ಬೆಲ್ಟಿನ ಮೊಳೆ ತಾನಾಗಿ ಎರಡನೆಯ ತೂತಿಗೆ ಹೋಗಿ ಕುಳಿತಿತು.

ಗದಿಗೆಪ್ಪ ಪಾದ ಮುಟ್ಟಿದ. ತಲೆ ಎತ್ತದೆಯೇ ಹೇಳಿದ.

"ಇನ್ನ ಸಂತಿ ಬಿಟ್ಟೆನ್ರಿ ಅಜ್ಜಾರ. ಆ ಡಬ್ಬಿ ತಂದು ನಿಮ್ಮ ಪಾದಕ್ಕಿಟ್ಟು..."

"ಡಬ್ಬಿ ತಗೊಂಡು ನಾ ಏನ್ ಮಾಡ್ಲಿ? ನನಗಿರೂದು ಎರಡ ಕೈ."

ಅಜ್ಜನವರು ನೀಲವ್ವನ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು. ಖಾಲಿಯಾದ ತಮ್ಮ ಮಣಿಕಟ್ಟನ್ನು ಒಮ್ಮೆ ತಿಕ್ಕಿಕೊಂಡರು.

"ಬರೂ ಸೋಮವಾರ ನೀಲವ್ವನ್ನ ಸಂತಿಗೆ ಕರಕೊಂಡು ಬಾ. ನನಗೂ ಒಂದು ಗಡಿಯಾರ ಆರಿಸೂದೈತಿ, ನಿನ್ನ ಕಿವಿ ಮ್ಯಾಲಿನ ನಂಬಿಗಿ ಹೋಗೇತಿ."